ಮಕ್ಕಳು ನಡತೆಯನ್ನು ಕಲಿಯುವ ಬಗೆ

ನಮ್ಮ ಶಾಲೆಯ ಪೋಷಕರ ಸಭೆಗಳಲ್ಲಿ ಎರಡು ಬಗೆಯ ಬಿನ್ನಹಗಳು ತಪ್ಪದೆ ಬರುತ್ತವೆ. ತಪ್ಪುಮಾಡಿದ ಹುಡುಗಿಯರಿಗೆ ಇನ್ನೂ ಕಠಿನವಾದ ಶಿಕ್ಷೆಯಾಗಬೇಕೆಂದು ಕೆಲವರು ಹೇಳುವರು; ಒಳ್ಳೆಯ ನಡತೆಗೆ ಬಹುಮಾನಗಳನ್ನು ಹೆಚ್ಚಿಸಬೇಕೆಂದು ಮತ್ತೆ ಕೆಲವರು ಹೇಳುವರು. ಉಭಯ ಪಕ್ಷದವರೂ ಮಕ್ಕಳ ಹಿತವನ್ನೇ ಬಯಸುವವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಬ್ಬರ ಎಣಿಕೆಯಲ್ಲಿಯೂ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆಯೆಂದು ನನಗೆ ತೋರುತ್ತದೆ. ಆದುದರಿಂದ ಈ ವಿಷಯದಲ್ಲಿ ಮನಶ್ಶಾಸ್ತ್ರಜ್ಞರು ಕಂಡುಕೊಂಡುದನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡಲು ಅಪೇಕ್ಷಿಸುತ್ತೇನೆ.

ಮೊದಲನೆಯ ಮತವು ರಷ್ಯಾ ದೇಶದ ಪಾವ್ಲೋವ್ ಎಂಬ ಪಂಡಿತರದು. ನಾಯಿಗೆ ಆಹಾರವನ್ನು ಕೊಡುವ ಮುನ್ನ ಪ್ರತಿಸಲವೂ ಒಂದು ಸದ್ದನ್ನು ಕೇಳಿಸುತ್ತ ಬಂದರೆ, ಕೆಲವು ಕಾಲದ ಮೇಲೆ ಬರಿಯ ಸದ್ದಿಗೇ ಅದರ ಬಾಯಲ್ಲಿ ನೀರೂರುವುದೆಂದು ಅವರು ತೋರಿಸಿದರು. ೧೯೨೦ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬವರು, ಒಂದು ಕೂಸು ಬಿಳಿಯ ಇಲಿಯನ್ನು ಮುಟ್ಟಹೋದಾಗ ಅದರ ಹಿಂದೆ ಉಕ್ಕಿನ ಸಲಾಕೆಯನ್ನು ಬಡಿದು ಬೆದರಿಸಿದರು. ಕಡೆಗೆ ಆ ಕೂಸು ಇಲಿಯನ್ನು ಕಂಡೊಡನೆಯೇ ಅಳತೊಡಗಿತು, ಮೊಲಕ್ಕೂ ಹೆದರಿತು. ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪರು. ಆದರೂ ಗಣಿತದ ಪಾಠದಲ್ಲಿ ನಿತ್ಯವೂ ಗದರಿಕೆಯನ್ನು ಕೇಳಿದ ಬಾಲಿಕೆಯು ಲೆಕ್ಕದ ಪುಸ್ತಕವನ್ನು ಕಂಡೇ ಬೆವರುವುದೇಕೆಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು, ಕ್ರಿಯೆಯ ಫಲವೇ ಗುರುವೆಂಬ ಮತ. ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯೊಳಗೆ ಕೂಡಿ ಪರೀಕ್ಷಿಸಿದ ಥಾರ್ನ್‌ಡೈಕರು ೧೮೯೮ರಲ್ಲಿ ಇದಕ್ಕೆ ತಳಹದಿ ಹಾಕಿದರು; ಸ್ಕಿನ್ನರರು ಇದನ್ನು ಬೆಳೆಸಿದರು. ಸುಖವನ್ನು ತಂದ ಕ್ರಿಯೆ ಬೇರೂರುವುದೆಂಬುದು ಇದರ ಸಾರ. ಆದರೆ ಶಿಕ್ಷೆಯನ್ನು ಬೇಡುವವರು ಗಮನಿಸತಕ್ಕ ಮಾತೊಂದುಂಟು: ಶಿಕ್ಷೆಯು ಕೆಟ್ಟ ನಡತೆಯನ್ನು ಕೆಲಕಾಲ ಅಡಗಿಸುವುದೇ ಹೊರತು ಕೀಳಲಾರದೆಂದೇ ಸ್ಕಿನ್ನರರ ಅಭಿಪ್ರಾಯವಾಗಿತ್ತು. ಬಹುಮಾನವನ್ನು ಬೇಡುವವರಿಗೂ ಒಂದು ಎಚ್ಚರಿಕೆಯಿದೆ. ೧೯೭೩ರಲ್ಲಿ ಪ್ರಕಟವಾದ ಲೆಪ್ಪರ್ ಮೊದಲಾದವರ ಶೋಧನೆಯಲ್ಲಿ, ಚಿತ್ರ ಬರೆಯುವುದರಲ್ಲಿ ತಾವಾಗಿಯೇ ಆಸಕ್ತಿಯುಳ್ಳ ಎಳೆಯ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಆಸೆ ತೋರಿಸಲಾಯಿತು. ಕೆಲವು ದಿನಗಳ ಮೇಲೆ ನೋಡಿದರೆ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದುದು ಕೂಲಿಯಾಗಿ ಹೋಗಿತ್ತು.

ಮೂರನೆಯ ಮತವು ಬಂಡೂರಾ ಎಂಬವರದು. ಅವರೂ ಸಂಗಡಿಗರೂ ೧೯೬೧ರಲ್ಲಿ ಸ್ಟಾನ್‌ಫರ್ಡಿನ ಶಿಶುವಿಹಾರದ ೭೨ ಮಕ್ಕಳನ್ನು ಕುರಿತು ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಹೊಡೆದು ಬೈದುದನ್ನು ಕಂಡ ಮಕ್ಕಳು, ಅದೇ ಬಗೆಯಲ್ಲಿ ಹೊಡೆದರು. ಅವೇ ಮಾತುಗಳನ್ನೂ ಆಡಿದರು. ಅವರಿಗೆ ಯಾರೂ ಕಲಿಸಿರಲಿಲ್ಲ, ಬಹುಮಾನವನ್ನೂ ಕೊಟ್ಟಿರಲಿಲ್ಲ. ೧೯೬೫ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ಮತ್ತೂ ಬೋಧಪ್ರದವಾದುದು. ಚಲಚ್ಚಿತ್ರದಲ್ಲಿ ಹಾಗೆ ಹೊಡೆದವನಿಗೆ ಶಿಕ್ಷೆಯಾದುದನ್ನು ನೋಡಿದ ಮಕ್ಕಳು ಕಡಮೆ ಅನುಕರಿಸಿದರು. ಆದರೆ ಕಂಡುದನ್ನು ಮಾಡಿ ತೋರಿಸಿದರೆ ಬಹುಮಾನವೆಂದೊಡನೆ ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಅವರು ಕಲಿಯದೆ ಇರಲಿಲ್ಲ. ಕಲಿತುದನ್ನು ಒಳಗೆ ಇಟ್ಟುಕೊಂಡಿದ್ದರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುವೆನು. ಕೆಲವು ವರ್ಷಗಳ ಹಿಂದೆ ಪರೀಕ್ಷೆಯ ದಿನಗಳಲ್ಲಿ ಒಬ್ಬರು ನನ್ನನ್ನು ಕಾಣಲು ಬಂದಾಗ, "ಅಮ್ಮನವರು ಹೊರಗೆ ಹೋಗಿದ್ದಾರೆಂದು ಹೇಳು" ಎಂದು ಆಯಾಳನ್ನು ಕಳುಹಿಸಿದೆನು. ಹಾಜರಿ ಪುಸ್ತಕವನ್ನು ತಂದು ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಅದನ್ನು ಕೇಳಿದಳು. ಸ್ವಲ್ಪ ಕಾಲದ ಮೇಲೆ ಅದೇ ಹುಡುಗಿ, ಓದಿನ ವೇಳೆಯಲ್ಲಿ ಅವಿತುಕೊಂಡಿದ್ದ ಗೆಳತಿಯನ್ನು ಉಳಿಸಲು ಉಪಾಧ್ಯಾಯಿನಿಗೆ ಸುಳ್ಳಾಡಿ, ನನ್ನ ಮುಂದೆ ನಿಲ್ಲಬೇಕಾಯಿತು. "ಸುಳ್ಳು ಹೇಳಲು ಎಲ್ಲಿ ಕಲಿತೆ, ಮಗು?" ಎಂದು ಕೇಳಿದೆನು. ಅವಳು ತಲೆ ತಗ್ಗಿಸಿದಳು, ಉತ್ತರ ಕೊಡಲಿಲ್ಲ. ಕೇಳಿದ ಮೇಲೆ ನನಗೇ ಬಾಗಿಲಿನ ನೆನಪಾಯಿತು. ಅವಳಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಅವಳ ಮುಂದೆ ಒಪ್ಪಿಕೊಂಡೆನು.

ಮೊದಲಿನ ಎರಡು ಮತಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಹೆದರಿದ ಮಗುವಿನ ಹೆದರಿಕೆಯನ್ನು ಬಿಡಿಸಲು ಒಂದು ಬೇಕು. ಒಳ್ಳೆಯ ಅಭ್ಯಾಸಕ್ಕೆ ತಕ್ಕ ಸಮಯದ ಮೆಚ್ಚುಗೆಯ ಮಾತೂ ಬೇಕು. ಆದರೆ ಶೀಲವನ್ನು ಮಕ್ಕಳು ಬಹುಮಟ್ಟಿಗೆ ನಮ್ಮನ್ನು ನೋಡಿಯೇ ಕಲಿಯುವರೆಂಬುದು ನನ್ನ ದೃಢವಾದ ಅಭಿಪ್ರಾಯ. ಕೈಯಲ್ಲಿ ಮೊಬೈಲನ್ನು ಹಿಡಿದು "ಓದು" ಎನ್ನುವ ತಂದೆಯೂ, ಮನೆಗೆಲಸದವಳನ್ನು ಗದರಿಸುತ್ತ ಮಗಳಿಗೆ ವಿನಯವನ್ನು ಉಪದೇಶಿಸುವ ತಾಯಿಯೂ, ನನ್ನಂಥ ಉಪಾಧ್ಯಾಯಿನಿಯೂ ತಿಳಿಯದೆಯೇ ಪಾಠ ಹೇಳುತ್ತಿರುವರು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನಮ್ಮ ಹಿರಿಯರು ಎಂದೋ ಹೇಳಿದ್ದಾರೆ. ಇಂದು ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು, ಮುಂದಿನ ಸಭೆಯಲ್ಲಿ ಶಿಕ್ಷೆ ಬಹುಮಾನಗಳ ಮಾತನ್ನು ಎತ್ತುವ ಮುನ್ನ ಈ ಗಾದೆಯನ್ನು ಒಮ್ಮೆ ನೆನೆಯಲೆಂದು ಬೇಡಿಕೊಳ್ಳುತ್ತೇನೆ.

— ಮುಖ್ಯೋಪಾಧ್ಯಾಯಿನಿ