ಟೂತ್‌ಪೇಸ್ಟಿನ ಹೊಳಪು ಸಾಲದು

ಕಳೆದ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಕಾರಿನಲ್ಲಿ ಮರಳುತ್ತಿದ್ದೆ. ದೀಪ ಉರಿಯುತ್ತಿದ್ದರೂ, ಕೊಡೆ ಹಿಡಿದು ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ನನ್ನದೇ ತರಗತಿಯ ಹುಡುಗಿ ಕಣ್ಣಿಗೆ ಬಿದ್ದದ್ದು ತೀರಾ ಹತ್ತಿರ ಬಂದ ಮೇಲೆ. ಅವಳಿಗೇನೂ ಆಗಲಿಲ್ಲ, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಲ್ಬು ಚೆನ್ನಾಗಿಯೇ ಇತ್ತು. ಅದರ ಮುಂದಿನ ಪ್ಲಾಸ್ಟಿಕ್ ಹಳದಿಯಾಗಿ ಮಬ್ಬುಗಟ್ಟಿತ್ತು.

ಈಗಿನ ಕಾರುಗಳ ದೀಪದ ಮುಚ್ಚಳ ಗಾಜಿನದಲ್ಲ, ಪಾಲಿಕಾರ್ಬೊನೇಟಿನದು. ಅದನ್ನು ಕಾಯುವ ತೆಳುಲೇಪವು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಟ್ಟಾಗ ಮಬ್ಬು ಕವಿಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಸಾಕೆಂಬುದು ನಮ್ಮಲ್ಲಿ ಹಲವರ ನಂಬಿಕೆ. ನಾನೂ ತಿಕ್ಕಿದವನೇ. ಹೊಳಪು ಬಂತು, ಕೆಲವೇ ವಾರಗಳಲ್ಲಿ ಹೋಯಿತು.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ದೀಪವನ್ನು ತೊಳೆದು, ಸುತ್ತಲಿನ ಬಣ್ಣಕ್ಕೆ ತಾಗದಂತೆ ಟೇಪು ಅಂಟಿಸಿ, 1000, 2000, 3000 ನಂಬ್ರದ ವಾಟರ್ ಪೇಪರುಗಳಿಂದ ಅದೇ ಕ್ರಮದಲ್ಲಿ ನೀರು ಹಾಕುತ್ತ ಉಜ್ಜಬೇಕು. ಬಳಿಕ ಪಾಲಿಶ್ ಮಾಡಬೇಕು. ಆದರೆ ಅಲ್ಲಿಗೆ ನಿಲ್ಲಿಸುವುದೇ ತಪ್ಪು. ಉಜ್ಜುವಾಗ ಅಳಿದುಳಿದ ಹಳೆಯ ಲೇಪವೂ ಹೋಗಿರುತ್ತದೆ. ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲೇಪವನ್ನು ಹೊಸದಾಗಿ ಕೊಡದಿದ್ದರೆ ಮಬ್ಬು ಬೇಗನೆ ಮರಳುತ್ತದೆ. ಮಬ್ಬು ಒಳಮೈಯಲ್ಲಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹೊಸತನ್ನೇ ಹಾಕಿಸುವುದು ಲೇಸು.

ಇದು ಕಾರಿನ ಅಂದಚಂದದ ಪ್ರಶ್ನೆಯಲ್ಲ. ಮಳೆಗೆ ಮುನ್ನ ಮನೆಯ ಮಾಡು ಸರಿಪಡಿಸುವ ನಾವು ಕಾರಿನ ದೀಪಕ್ಕೂ ಒಂದು ಭಾನುವಾರ ಮೀಸಲಿಡಬಾರದೇ? ಆ ಬೆಳಕು ಚಾಲಕನ ಸೊತ್ತು ಮಾತ್ರವಲ್ಲ. ರಸ್ತೆಯಂಚಿನಲ್ಲಿ ನಡೆದು ಮನೆ ಸೇರಬೇಕಾದ ಮಕ್ಕಳದ್ದೂ ಹೌದೆಂಬುದನ್ನು ವಾಹನ ಮಾಲಕರು ಮರೆಯಬಾರದು.