ಅತ್ತಿಯವರ ಕೈಯಾಗ ರಿಮೋಟು ಇರ್ಲಿ

ಇಲ್ಲೆ ಅಮೆರಿಕಾಕ್ಕ ಆರು ತಿಂಗಳಿಗಂತ ಅತ್ತಿ-ಮಾವನ್ನೋ ಅಪ್ಪ-ಅವ್ವನ್ನೋ ಕರಿಸ್ಕೊಳ್ಳೋರು ಟಿಕೀಟು, ಇನ್ಶೂರನ್ಸು, ಉಣ್ಣಿ ಸ್ವೆಟರು ಎಲ್ಲಾ ನೆನಪಿಟ್ಟು ಮಾಡ್ತೀರಿ. ಅದರ ಜೋಡಿ ಅವರ ಖೋಲಿ ಟಿವಿಗೆ ಒಂದು ಆಂಟೆನಾನೂ ಹಚ್ಚಿಡ್ರಿ ಅಂತೀನಿ ನಾನು. ಇಪ್ಪತ್ತು ಡಾಲರಿನ ಆಸುಪಾಸು ಒಂದ ಸಲ ಕೊಟ್ರ ಮುಗೀತು, ತಿಂಗಳಾ ತಿಂಗಳಾ ಬಿಲ್ಲಿಲ್ಲ.

"ಯೂಟ್ಯೂಬಿನಾಗ ಕನ್ನಡ ಸಿನಿಮಾ ಬೇಕಾದಷ್ಟು ಅವ, ಇಂಗ್ಲಿಷಿನ ಹಳೇ ಕಥಿ ತಗೊಂಡು ಏನ್ ಮಾಡೂದು?" ಅಂತ ಮೌಶಿ ಫೋನಿನಾಗ ನಕ್ಕರು. ಅವ ಖರೆ. ಆದ್ರ ಅವನ್ನ ಹಚ್ಚಿಕೊಡ್ಲಿಕ್ಕೆ ಮಗ ಬೇಕು. ಯಾವ ಗುಂಡಿ, ಯಾವ ಪಾಸ್‌ವರ್ಡು! ಮಗ ಮುಂಜಾನೆ ಮೀಟಿಂಗಿಗೆ ಕೂತ್ರ ಬಾಗಲಾ ತೆರಿಯೂದು ಮಧ್ಯಾಹ್ನಕ್ಕ. ಹೊರಗ ಹಿಮಾ. ಊರಾಗ ಅಷ್ಟು ದೊಡ್ಡ ಮನಿ ನಡಿಸಿದವರು, ಇಲ್ಲೆ "ಟಿವಿ ಹಚ್ಚಪಾ" ಅಂತ ದಿನಾ ಕೇಳಬೇಕಂದ್ರ ಅವರಿಗೆ ಒಂಥರಾ ಆಗತದ. ನಾಕು ದಿನಾ ಕೇಳ್ತಾರ, ಆಮ್ಯಾಲೆ ಸುಮ್ನ ಗ್ವಾಡಿ ನೋಡ್ಕೋತ ಕೂಡ್ತಾರ. ನನಗ ಹೆದರಿಕಿ ಅದರದ.

ಇಲ್ಲೆ ಒಂದೊಂದು ಸ್ಟೇಷನ್ನಿಗೆ ಗಾಳ್ಯಾಗ 6 ಮೆಗಾಹರ್ಟ್ಸ್ ಜಾಗಾ. ಮೊದಲ ಅದರಾಗ ಒಂದ ಚಾನೆಲ್ಲು ಹಿಡೀತಿತ್ತು. 2009ರ ಜೂನ್ 12ಕ್ಕ ದೊಡ್ಡ ಸ್ಟೇಷನ್ನಿನವರು ಪೂರಾ ಡಿಜಿಟಲ್ ಆದ್ರು, ಅಷ್ಟ ಜಾಗಾದಾಗ ನಾಕೈದು ಹಿಡಿಸಲಿಕ್ಕೆ ಬಂತು. ಖಾಲಿ ಖೋಲಿ ಬಾಡಿಗಿಗೆ ಕೊಟ್ಟಂಗ ಪಾಯಿಂಟ್ ಎರಡು, ಪಾಯಿಂಟ್ ಮೂರು ಅಂತ ಹಳೇ ಸಿನಿಮಾ, ಸೀರಿಯಲ್ಲಿಗೆ ಬಿಟ್ಟುಕೊಟ್ರು. ನಾವಿರೂದು ಶಿಕಾಗೊದ ಪಶ್ಚಿಮಕ್ಕ. ಮೀಟಿವಿ ಹುಟ್ಟಿದ ಊರ ಅದು. ಪೂರ್ವದ ಕಿಟಕಿಗೆ ಆಂಟೆನಾ ಅಂಟಿಸಿದ್ರ ವಿಲ್ಲಿಸ್ ಟವರಿನ ಮ್ಯಾಲಿಂದ ಬರೂದು ಚೊಲೋ ಸಿಗತದ.

ನಮ್ಮ ಅತ್ತಿಯವರಿಗೆ ಇಂಗ್ಲಿಷು ಅಷ್ಟಕ್ಕಷ್ಟ. ಆದ್ರೂ ರವಿವಾರ ಸಂಜಿ 'ಕೊಲಂಬೊ' ತಪ್ಪಸಂಗಿಲ್ಲ. ಯಾಕಂದ್ರ ಅದರಾಗ ಕೊಲಿ ಯಾರು ಮಾಡಿದ್ರು ಅಂತ ಮೊದಲ ತೋರಿಸಿಬಿಡ್ತಾರ. ಮುಂದಿಂದೆಲ್ಲಾ ಆ ಹಳೇ ಕೋಟಿನ ಪೊಲೀಸಪ್ಪ ಶ್ರೀಮಂತರ ಮನ್ಯಾಗ ಅಡ್ಡಾಡಿ, ಹೋದಂಗ ಮಾಡಿ ಮತ್ತ ತಿರುಗಿ ಬಂದು, ಹೆಂಗ ಹಿಡೀತಾನ ಅನ್ನೂದು. ಪೀಟರ್ ಫಾಕನ ಮಾರಿ ನೋಡಿದ್ರ ಸಾಕು, ಭಾಷಾ ಬ್ಯಾಡ. ಮಾತು ಮಾತಿಗೆ ಹೆಂಡ್ತಿ ಸುದ್ದಿ ಹೇಳ್ತಾನ, ಆಕಿ ಮಾತ್ರ ಕಾಣಂಗಿಲ್ಲ. "ಈ ವಾರರ ಬರ್ತಾಳೇನು?" ಅಂತ ಅತ್ತಿಯವರು ಕಾಯ್ತಾರ. ಬರಂಗಿಲ್ಲಂತ ನಾನು ಹೇಳಿಲ್ಲ!

ಎಲ್ಲಾ ಚೊಲೋ ಅಂತೇನಲ್ಲ. ಕುದರಿ-ಬಂದೂಕಿನ ಎಷ್ಟೋ ಕಥಿಯೊಳಗ ಅಲ್ಲಿನ ಮೂಲನಿವಾಸಿಗಳನ್ನ ತೋರ್ಸೋದು ನೋಡಿದ್ರ ಸಿಟ್ಟು ಬರತದ. 1957ರಾಗ ಶುರು ಆದ 'ಪೆರಿ ಮೇಸನ್' ತಾಸಿಗೆ 50 ನಿಮಿಷದ ಮ್ಯಾಲೆ ಇರ್ತಿತ್ತು, ಈಗ ಜಾಹೀರಾತಿಗೆ ಜಾಗಾ ಮಾಡ್ಲಿಕ್ಕೆ ಕತ್ತರಿ ಹಾಕ್ತಾರ. ಆ ಜಾಹೀರಾತರ ಏನು, ಬರೇ ಔಷಧ, ಮೆಡಿಕೇರು.

ನನ್ನ ದೊಡ್ಡ ತಕರಾರು ಬ್ಯಾರೆ. ಎಟಿಎಸ್‌ಸಿ 3.0 ಅಂತ ಹೊಸಾ ಪದ್ಧತಿ ಬರಾಕತ್ತದ. ಅದರಾಗ ಎಷ್ಟೋ ಸ್ಟೇಷನ್ನಿನವರು ಕೀಲಿ ಹಾಕಿ ಬಿಡ್ತಾರ, ಅದನ್ನ ತೆರಿಯೋ ಪೆಟ್ಟಿಗಿನೂ ಬ್ಯಾರೆ. ಹಳೇ ಪದ್ಧತಿ ಬಂದ್ ಮಾಡಸ್ರಿ ಅಂತ ಸರಕಾರಕ್ಕ ಕೇಳ್ಕೊಂಡೂ ಆಗೇದ. ಚಿತ್ರ ಇನ್ನೂ ಚೊಲೋ ಕಾಣತದಂತ, ಕಾಣ್ಲಿ. ಗಾಳ್ಯಾಗ ಪುಕಟ ಬರೋದಕ್ಕ ಕೀಲಿ ಯಾಕ? ಮತ್ತ ಮಗನ್ನ ಕರೀಬೇಕೇನು?

ಸದ್ಯ ಹಳೇದ ನಡದದ. ಹಚ್ಚಿದ ಮ್ಯಾಲೆ ಒಂದ್ಸಲ ಸ್ಕ್ಯಾನ್ ಮಾಡ್ರಿ, ಎರಡು-ಮೂರು ತಿಂಗಳಿಗೆ ಮತ್ತೊಮ್ಮೆ. ಚಾನೆಲ್ ನಂಬರು ದಪ್ಪ ಅಕ್ಷರದಾಗ ಕನ್ನಡದಾಗ ಬರದು ಟಿವಿ ಬಾಜೂಕ ಅಂಟಿಸ್ರಿ.