ಶುಲ್ಕ ಮಾಫಿ ಆಯಿತು, ರೈಲಿನ ಟಿಕೆಟ್ ಯಾರ ಲೆಕ್ಕಕ್ಕೆ?

ಕಳೆದ ವರ್ಷ ಹುನಗುಂದದ ಬಸ್ ನಿಲ್ದಾಣದಲ್ಲಿ ಇಳಕಲ್ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮೊಬೈಲ್‌ಗೆ ಒಂದು ಇ–ಮೇಲ್ ಬಂತು. ಪಾರಂಪರಿಕ ತಾಣಗಳ ವ್ಯಾಖ್ಯಾನದ ಬಗ್ಗೆ ದೂರದ ನಗರವೊಂದರಲ್ಲಿ ಮೂರು ದಿನಗಳ ಸಮ್ಮೇಳನ. ಅದಕ್ಕೆ ವಿದ್ಯಾರ್ಥಿವೇತನ ಪಡೆದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಬಸ್ಸು ಬಂದು ನಿಂತದ್ದೂ ತಿಳಿಯಲಿಲ್ಲ, ಅಷ್ಟು ಖುಷಿ. ಸೀಟಿನಲ್ಲಿ ಕೂತು ಪೂರ್ತಿ ಓದಿದಾಗ ಗೊತ್ತಾಯಿತು, ಮಾಫಿಯಾಗಿದ್ದು ನೋಂದಣಿ ಶುಲ್ಕ ಮಾತ್ರ. ಪ್ರಯಾಣದ ಖರ್ಚಿನಲ್ಲಿ ಒಂದು ಭಾಗವನ್ನು ಸಮ್ಮೇಳನ ಮುಗಿದ ಮೇಲೆ ಬಿಲ್ ನೋಡಿ ಕೊಡುತ್ತಾರೆ. ಊಟ, ವಸತಿ ನಮ್ಮದೇ.

ಬಾಗಲಕೋಟೆಗೆ ಹೋಗಿ ಅಲ್ಲಿಂದ ರೈಲು, ನಾಲ್ಕು ರಾತ್ರಿ ವಸತಿ, ಊಟ ಎಲ್ಲ ಸೇರಿಸಿದೆ. ಒಂಬತ್ತು ಸಾವಿರ ದಾಟಿತು. ಅವ್ವ ಮಗ್ಗದಲ್ಲಿ ಕೂತಿದ್ದಳು. ‘ಬಿಲ್ ಕೊಟ್ಟರ ಆಮ್ಯಾಲೆ ರೊಕ್ಕ ಕೊಡ್ತಾರಂತವಾ’ ಎಂದೆ. ಲಾಳಿ ನಿಲ್ಲಿಸಿ ಕೇಳಿದಳು: ‘ಆಮ್ಯಾಲಿಂದು ಆಮ್ಯಾಲೆ ಆತು, ಈಗಿಂದು ಯಾರ ಕೊಡ್ತಾರ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಬರಲಾಗುತ್ತಿಲ್ಲ, ಕ್ಷಮಿಸಿ’ ಎಂದು ಮರುದಿನ ಬರೆದು ಕಳಿಸಿದೆ. ಅವ್ವನ ಪ್ರಶ್ನೆ ಮಾತ್ರ ಇನ್ನೂ ತಲೆಯಲ್ಲಿ ಕೂತಿದೆ. ಅದು ನನ್ನೊಬ್ಬಳ ಪ್ರಶ್ನೆ ಅಲ್ಲ ಅನ್ನಿಸಿದ್ದಕ್ಕೆ ಈ ಬರಹ.

ವ್ಯಾಖ್ಯಾನ ಎಂದರೆ ಗೈಡ್ ಕೆಲಸಕ್ಕೆ ಇಟ್ಟ ದೊಡ್ಡ ಹೆಸರು ಎಂದು ನಾನೂ ತಿಳಿದಿದ್ದೆ. ಐಹೊಳೆಯಲ್ಲಿ ಭಾನುವಾರಗಳಂದು ನಿಂತು ನೋಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ದುರ್ಗ ದೇವಾಲಯಕ್ಕೆ ಬಂದವರಲ್ಲಿ ಎಷ್ಟೋ ಜನ ‘ದುರ್ಗಾದೇವಿ ಎಲ್ಲಿ?’ ಎಂದು ಕೇಳುತ್ತಾರೆ. ಆ ಹೆಸರು ದೇವಿಯಿಂದ ಬಂದದ್ದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ ಬಂದದ್ದು. ಲಾಡ್‌ಖಾನ್ ಗುಡಿಯ ಹೆಸರು ಒಂದು ಕಾಲದಲ್ಲಿ ಅಲ್ಲಿ ವಾಸವಿದ್ದ ವ್ಯಕ್ತಿಯದು. ಇಷ್ಟು ಹೇಳಿದರೆ ಅದು ಮಾಹಿತಿ. ದೇವರಿಗೆ ಕಟ್ಟಿದ ಗುಡಿ ಮನುಷ್ಯರ ಮನೆಯಾಗಿದ್ದೂ ಉಳಿದದ್ದು ಹೇಗೆ ಎಂದು ಬಂದವರೇ ಯೋಚಿಸುವಂತೆ ಮಾಡಿದರೆ ಅದು ವ್ಯಾಖ್ಯಾನ. ಅಮೆರಿಕದ ಫ್ರೀಮನ್ ಟಿಲ್ಡನ್ 1957ರಲ್ಲೇ ಈ ವಿಷಯದ ಮೇಲೆ ಪುಸ್ತಕ ಬರೆದು, ಮಾಹಿತಿ ಬೇರೆ, ವ್ಯಾಖ್ಯಾನ ಬೇರೆ ಎಂದು ತಿಳಿಸಿಕೊಟ್ಟರು. ಇಂದು ಅದು ಜಗತ್ತಿನಾದ್ಯಂತ ತರಬೇತಿ, ನೌಕರಿ, ಸಮ್ಮೇಳನಗಳಿರುವ ವೃತ್ತಿ.

‘ಸಮ್ಮೇಳನಕ್ಕೆ ಹೋಗಿ ಏನಾಗುತ್ತೆ? ಎಲ್ಲ ಯೂಟ್ಯೂಬಿನಲ್ಲೇ ಸಿಗುತ್ತೆ’ ಎನ್ನುವವರಿದ್ದಾರೆ. ಕೆಲವು ಸಮ್ಮೇಳನಗಳು ಫೋಟೊ, ಸರ್ಟಿಫಿಕೇಟಿಗಷ್ಟೇ ನಡೆಯುತ್ತವೆ ಎಂಬುದೂ ಸುಳ್ಳಲ್ಲ. ಆದರೆ ಬಾದಾಮಿಯ ನನ್ನ ಸಹಪಾಠಿಯೊಬ್ಬ ಹೋಗಿ ಬಂದದ್ದನ್ನು ಕಂಡಿದ್ದೇನೆ. ಉಪನ್ಯಾಸಕರು ಕೈಗಡ ಕೊಟ್ಟಿದ್ದರಿಂದ ಅವನಿಗೆ ಅದು ಸಾಧ್ಯವಾಯಿತು. ಮೊದಲೆಲ್ಲ ಮೂರನೇ ಗುಹೆಯ ಮುಂದೆ ನಿಂತು ‘ಶಕ 500, ಅಂದರೆ ಕ್ರಿ.ಶ. 578, ಮಂಗಳೇಶ ಮಾಡಿಸಿದ್ದು’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಈಗ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಕಥೆಯಿಂದ ಶುರು ಮಾಡುತ್ತಾನೆ. ಅಣ್ಣ ಕೀರ್ತಿವರ್ಮನಿಗೆ ಪುಣ್ಯ ಸಲ್ಲಲಿ ಎಂದು ತಮ್ಮ ಇಲ್ಲಿ ಶಾಸನ ಬರೆಸಿದ. ಮುಂದೆ ಅದೇ ಅಣ್ಣನ ಮಗ ಇಮ್ಮಡಿ ಪುಲಕೇಶಿಗೆ ಪಟ್ಟ ಬಿಟ್ಟುಕೊಡದೆ ಹೋರಾಡಿ ಪ್ರಾಣ ಕಳೆದುಕೊಂಡ. ಆ ಸಂಗತಿ ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ರವಿಕೀರ್ತಿಯ ಶಾಸನದಲ್ಲಿದೆ. ‘ನೀವು ಮಂಗಳೇಶ ಆಗಿದ್ರ ಏನ್ ಮಾಡ್ತಿದ್ರಿ?’ ಎಂದು ಕೇಳುತ್ತಾನೆ. ಮಕ್ಕಳು ಜಗಳಕ್ಕೇ ಬೀಳುತ್ತಾರೆ. ಬಾದಾಮಿಯಿಂದ ಐಹೊಳೆಗೆ ಹೋಗೋಣ ಎಂದು ಮಾಸ್ತರರನ್ನು ಕಾಡುತ್ತಾರೆ. ಈ ಬದಲಾವಣೆ ಯಾವ ಉಪನ್ಯಾಸದಿಂದ ಬಂತು ಎಂದು ಕೇಳಿದೆ. ‘ಉಪನ್ಯಾಸದಿಂದಲ್ಲ. ಬೇರೆ ಊರಿನ ಹುಡುಗರು ತಮ್ಮೂರಿನ ಕೋಟೆ ತೋರಿಸೋದನ್ನ ನೋಡಿದೆ. ರಾತ್ರಿ ಊಟಕ್ಕೆ ಕೂತಾಗ ನಾನು ತಪ್ಪು ಮಾಡ್ತಿದ್ದೆ ಅಂತ ಅವರು ಹೇಳಿದ್ರು’ ಎಂದ. ಅದು ಯೂಟ್ಯೂಬಿನಲ್ಲಿ ಸಿಗುವಂಥದ್ದಲ್ಲ.

ಸ್ಮಾರಕಗಳ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ ಇಕೊಮಾಸ್ 2008ರಲ್ಲಿ ವ್ಯಾಖ್ಯಾನದ ಕುರಿತೇ ಒಂದು ಸನ್ನದನ್ನು ಅಂಗೀಕರಿಸಿತು. ಸ್ಥಳೀಯ ಸಮುದಾಯಗಳ ಸಹಭಾಗಿತ್ವ ಮತ್ತು ತರಬೇತಿ ಅದರ ತತ್ವಗಳಲ್ಲಿ ಸೇರಿವೆ. ಹಾಗಿದ್ದರೆ ಪಟ್ಟದಕಲ್ಲು, ಐಹೊಳೆ, ಬಾದಾಮಿಯ ಬಗ್ಗೆ ಚರ್ಚೆ ನಡೆಯುವ ಸಭಾಂಗಣದಲ್ಲಿ ಆ ಊರುಗಳ ಮಕ್ಕಳು ಇರಬೇಡವೇ? ಟಿಕೆಟ್ ದುಡ್ಡಿದ್ದವರು ಬರುತ್ತಾರೆ, ಗುಡಿಯ ನೆರಳಲ್ಲಿ ಬೆಳೆದವರು ಬರುವುದಿಲ್ಲ. ನಮ್ಮ ಊರಿನ ಕಥೆಯನ್ನು ಬೇರೆಯವರು ಹೇಳುವುದು ತಪ್ಪಲ್ಲ. ನಾವು ಹೇಳಲಾಗದೇ ಹೋಗುವುದು ತಪ್ಪು.

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2015ರಲ್ಲಿ ಕೇಂದ್ರದ ಹೃದಯ್ ಯೋಜನೆಗೆ ದೇಶದ 12 ಊರುಗಳನ್ನು ಆರಿಸಿದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬಾದಾಮಿ ಒಂದೇ. ಯೋಜನೆಗಳಿಂದ ರಸ್ತೆ, ದೀಪ, ಫಲಕ ಬರಬಹುದು. ಫಲಕದ ಮುಂದೆ ನಿಂತು ಮಾತಾಡುವವರನ್ನು ತಯಾರು ಮಾಡುವ ಖರ್ಚು ಮಾತ್ರ ಯಾರ ಲೆಕ್ಕದಲ್ಲೂ ಕಾಣುವುದಿಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಾವು ಪಡೆಯುವ ವಿದ್ಯಾರ್ಥಿವೇತನ ಓದಿಗೆ, ಹಾಸ್ಟೆಲ್ಲಿಗೆ. ಅದರಲ್ಲಿ ಸಮ್ಮೇಳನದ ರೈಲು ಹತ್ತಲಾಗದು.

ಅದಕ್ಕೇ ನನ್ನ ಬೇಡಿಕೆ ಸಣ್ಣದು. ವರ್ಷಕ್ಕೆ ಹತ್ತು ವಿದ್ಯಾರ್ಥಿಗಳಿಗೆ ತಲಾ ಹತ್ತು ಸಾವಿರದಂತೆ ಒಂದು ಲಕ್ಷ ರೂಪಾಯಿಯ ಜಿಲ್ಲಾ ಪ್ರಯಾಣ ನಿಧಿ ಇರಲಿ. ಇಳಕಲ್ಲಿನ ಕೆಂಪು ಗ್ರಾನೈಟ್ ಸಮುದ್ರ ದಾಟಿ ಹೋಗುತ್ತದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಗಣಿಬಾಧಿತ ಊರುಗಳ ಶಿಕ್ಷಣ, ಕೌಶಲಕ್ಕೆ ಬಳಸಲು ಅವಕಾಶವಿದೆ. ಆ ಊರುಗಳ ವಿದ್ಯಾರ್ಥಿಗಳಿಗಾದರೂ ಅಲ್ಲಿಂದ ಶುರುವಾಗಬಹುದು. ಅಮೆರಿಕದ ವ್ಯಾಖ್ಯಾನಕಾರರ ರಾಷ್ಟ್ರೀಯ ಸಂಘದ ಸಮ್ಮೇಳನದಲ್ಲಿ ಬಂದವರೇ ವಸ್ತುಗಳನ್ನು ಕೊಟ್ಟು, ಲಿಲಾವು ಮಾಡಿ, ಆ ಹಣವನ್ನು ವಿದ್ಯಾರ್ಥಿವೇತನಕ್ಕೆ ಕೊಡುವ ರೂಢಿಯಿದೆ. ಜಾತ್ರೆಯಲ್ಲಿ ತೆಂಗಿನಕಾಯಿಯನ್ನೂ ಲಿಲಾವು ಮಾಡಿ ಗುಡಿಗೆ ದುಡ್ಡು ಕೂಡಿಸುವ ನಮಗೆ ಇದು ಹೊಸ ವಿದ್ಯೆಯೇ? ಒಂದು ಇಳಕಲ್ ಸೀರೆ, ಒಂದು ಗುಳೇದಗುಡ್ಡದ ಖಣ ಸಾಕು, ಒಬ್ಬರ ರೈಲಿನ ಟಿಕೆಟ್ ಆದೀತು.

ಜೊತೆಗೆ ಮೂರು ಷರತ್ತು ಇರಲಿ. ಒಂದು, ಹಣ ಮುಂಗಡವಾಗಿ ಸಿಗಬೇಕು, ಬಿಲ್ ಆಮೇಲೆ. ಎರಡು, ಆಯ್ಕೆ ಇಂಗ್ಲಿಷ್ ಪ್ರಬಂಧದ ಮೇಲೆ ಆಗಬಾರದು. ಅಭ್ಯರ್ಥಿ ಒಂದು ಗುಡಿಯ ಮುಂದೆಯೋ ಮಗ್ಗದ ಮುಂದೆಯೋ ನಿಂತು ಐದು ನಿಮಿಷ ಕನ್ನಡದಲ್ಲಿ ಮಾತಾಡಲಿ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದನ್ನು ನೇಕಾರರ ಮನೆಯ ಹುಡುಗಿ ವಿವರಿಸುವಷ್ಟು ಚೆನ್ನಾಗಿ ಯಾರು ವಿವರಿಸಬಲ್ಲರು? ಮೂರು, ಹೋಗಿ ಬಂದವರು ಆ ವರ್ಷ ಕನಿಷ್ಠ ಹತ್ತು ಶಾಲೆಗಳ ಮಕ್ಕಳಿಗೆ ತಾಣ ತೋರಿಸಬೇಕು. ಆಗ ಅದು ದಾನ ಅನ್ನಿಸಿಕೊಳ್ಳುವುದಿಲ್ಲ, ಊರಿಗೆ ತಿರುಗಿ ಬರುವ ಬಂಡವಾಳವಾಗುತ್ತದೆ.

ಅಲ್ಲಿಯವರೆಗೆ ಅರ್ಜಿ ಹಾಕುವ ಗೆಳೆಯ–ಗೆಳತಿಯರಿಗೆ ನಾನು ಕಲಿತ ಪಾಠ ಹೇಳುತ್ತೇನೆ. ‘ವಿದ್ಯಾರ್ಥಿವೇತನ’ ಎಂಬ ಪದ ನೋಡಿ ಕುಣಿಯಬೇಡಿ. ಅದರಲ್ಲಿ ಶುಲ್ಕ ಮಾತ್ರವೇ, ಪ್ರಯಾಣವೂ ಇದೆಯೇ, ಹಣ ಮೊದಲು ಸಿಗುತ್ತದೆಯೇ, ಸದಸ್ಯತ್ವ ಬೇಕೇ ಎಂದು ಮೊದಲೇ ಬರೆದು ಕೇಳಿ. ಕಾಲೇಜಿಗೆ ಒಂದು ತಿಂಗಳು ಮುಂಚೆಯೇ ಪತ್ರ ಕೊಡಿ. ಮುಂಗಡ ಬೇಕಿದ್ದರೆ ಸಂಘಟಕರನ್ನು ಕೇಳಲು ನಾಚಬೇಡಿ. ನಾನು ನಾಚಿದೆ. ಕೇಳಿದ್ದರೆ ಕೊಡುತ್ತಿದ್ದರೋ ಏನೋ, ಕೇಳದೇ ಕ್ಷಮಿಸಿ ಎಂದು ಬರೆದುಬಿಟ್ಟೆ. ದೂರದ ಸಮ್ಮೇಳನ ಆಗದಿದ್ದರೆ ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನದಂಥವು ನಮ್ಮ ರಾಜ್ಯದಲ್ಲೇ, ಕನ್ನಡದಲ್ಲೇ ನಡೆಯುತ್ತವೆ. ಅಲ್ಲಿಂದ ಆರಂಭಿಸಿ.

ಈ ವರ್ಷ ಮತ್ತೆ ಅರ್ಜಿ ಹಾಕಿದ್ದೇನೆ. ಮುಂಗಡ ಕೊಡುತ್ತೀರಾ ಎಂದು ಮೊದಲ ಸಾಲಿನಲ್ಲೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ‘ಏನಾತವಾ?’ ಎಂದು ಅವ್ವ ದಿನಾ ಕೇಳುತ್ತಾಳೆ.